ಲಿನಕ್ಸ್‌ನಲ್ಲಿ ಎಲ್‌ಟಿಒ ಟೇಪ್ ಡ್ರೈವ್: ಜೋಡಣೆಯಿಂದ ಮರಳಿ ಓದುವವರೆಗೆ

ಇಲ್ಲಿ ಆಜ್ಞೆಗಳನ್ನು ಉಚ್ಚರಿಸುವ ಹಾಗೆ ಬರೆದಿದೆ; ಟರ್ಮಿನಲ್‌ನಲ್ಲಿ, ಬೇರೆ ಹೇಳದ ಕಡೆಯೆಲ್ಲ, ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಬೇಕು. ಉದಾಹರಣೆಗೆ ಸಾಸ್ ಎಂಬ ಕೇಬಲ್ ಜೋಡಣೆಯ ಎಲ್‌ಟಿಒ-6 (ಬ್ಯಾಕಪ್ ಟೇಪ್‌ನ ಒಂದು ಮಾದರಿ, ಆರನೇ ತಲೆಮಾರು) ಡ್ರೈವ್ ಇಟ್ಟುಕೊಳ್ಳೋಣ: ಕಂಪ್ರೆಸ್ ಮಾಡದೆ 2.5 ಟಿಬಿ, ಸೆಕೆಂಡಿಗೆ 160 ಎಂಬಿ.

ಡ್ರೈವನ್ನು ರೇಡ್ ಕಾರ್ಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ಕಾರ್ಡ್) ಸಿಕ್ಕಿಸಬೇಡಿ. ಹಲವು ರೇಡ್ ಕಾರ್ಡ್‌ಗಳು ಡಿಸ್ಕ್ ಬಿಟ್ಟು ಬೇರೇನನ್ನೂ ಮೇಲಕ್ಕೆ ತೋರಿಸುವುದಿಲ್ಲ. ಸಾದಾ ಸಾಸ್ ಎಚ್‌ಬಿಎ (ಡ್ರೈವನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ಜೋಡಿಸುವ ಕಾರ್ಡ್) ಸಾಕು. ಬೂಟ್ ಆದಮೇಲೆ 'ಎಲ್‌ಎಸ್‌ಸ್ಕಸಿ -ಜಿ' ಕೊಡಿ. 'ಟೇಪ್' ಎಂಬ ಸಾಲು ಬಂದು ಡಿವೈಸ್ ಹೆಸರಿನ ಜಾಗದಲ್ಲಿ ಬರೀ ಅಡ್ಡಗೆರೆ ಇದ್ದರೆ ಲಿನಕ್ಸ್‌ನ ಟೇಪ್ ಡ್ರೈವರ್ ಆದ ಎಸ್‌ಟಿ ಲೋಡ್ ಆಗಿಲ್ಲ ಎಂದರ್ಥ. 'ಮಾಡ್‌ಪ್ರೋಬ್ ಎಸ್‌ಟಿ' ಕೊಟ್ಟರೆ ಸರಿಹೋಗುತ್ತದೆ. ಸಾಲೇ ಬರದಿದ್ದರೆ ಕೇಬಲ್ ನೋಡಿ.

ಈಗ /ಡೆವ್ ಒಳಗೆ ಒಂದೇ ಡ್ರೈವ್‌ಗೆ ಮುಖ್ಯವಾಗಿ ಎರಡು ಹೆಸರು ಕಾಣುತ್ತವೆ: ಎಸ್‌ಟಿ0 ಮತ್ತು ಎನ್‌ಎಸ್‌ಟಿ0. ಬ್ಯಾಕಪ್‌ಗಳು ಮಣ್ಣುಪಾಲಾಗುವುದು ಹೆಚ್ಚಾಗಿ ಇಲ್ಲೇ. ಎಸ್‌ಟಿ0 ಹೆಸರಿನಿಂದ ಬರೆದರೆ, ಪ್ರೋಗ್ರಾಮ್ ಅದನ್ನು ಮುಚ್ಚಿದೊಡನೆ ಡ್ರೈವ್ ಟೇಪನ್ನು ಮೊದಲಿಗೆ ಸುತ್ತಿಬಿಡುತ್ತದೆ. ಸೋಮವಾರದ ಟಾರ್ (ಫೈಲ್‌ಗಳನ್ನು ಒಂದೇ ಕಟ್ಟಾಗಿ ಬರೆಯುವ ಪ್ರೋಗ್ರಾಮ್) ಮುಗಿಯಿತು, ಟೇಪ್ ಹಿಂದಕ್ಕೆ ಹೋಯಿತು. ಮಂಗಳವಾರದ ಟಾರ್ ಅದರ ತಲೆಯ ಮೇಲೇ ಕೂತಿತು. ಎರಡೂ ದಿನ ಲಾಗ್‌ನಲ್ಲಿ ಒಂದು ಎರರ್ ಸಹ ಇರುವುದಿಲ್ಲ. ಮಂಗಳವಾರದ್ದು ಚಿಕ್ಕದಿದ್ದರೆ ಸೋಮವಾರದ ಬಾಲ ಉಳಿದೀತು ಎಂದುಕೊಳ್ಳಬೇಡಿ: ಹೊಸ ಬರಹ ನಿಂತಲ್ಲೇ ಡೇಟಾದ ಕೊನೆಯ ಗುರುತು ಬೀಳುತ್ತದೆ, ಡ್ರೈವ್ ಅದನ್ನು ದಾಟಿ ಓದುವುದಿಲ್ಲ. ಎನ್‌ಎಸ್‌ಟಿ0 ಹೀಗೆ ಹಿಂದಕ್ಕೆ ಸುತ್ತುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್‌ಗಳಲ್ಲಿ ಎನ್‌ಎಸ್‌ಟಿ0 ಮಾತ್ರ. ಎರಡು ಡ್ರೈವ್ ಇದ್ದರೆ ಬೂಟ್‌ನಿಂದ ಬೂಟ್‌ಗೆ ಅಂಕಿ ಅದಲುಬದಲಾಗಬಹುದು. ಆಗ /ಡೆವ್/ಟೇಪ್/ಬೈ-ಐಡಿ ಒಳಗಿನ, '-ಎನ್‌ಎಸ್‌ಟಿ' ಎಂದು ಕೊನೆಯಾಗುವ ಹೆಸರು ಬಳಸಿ.

ಟೇಪನ್ನು ನಡೆಸುವ 'ಎಂಟಿ' ಆಜ್ಞೆ ಇರುವ ಎಂಟಿ-ಎಸ್‌ಟಿ ಪ್ಯಾಕೇಜ್ ಹಾಕಿಕೊಂಡು 'ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸ್ಟೇಟಸ್' ಕೊಡಿ. 'ಡಿಆರ್_ಓಪನ್' ಅಂದರೆ ಒಳಗೆ ಟೇಪ್ ಇಲ್ಲ. 'ಬಿಒಟಿ ಆನ್‌ಲೈನ್' ಅಂದರೆ ಟೇಪ್ ಶುರುವಿನಲ್ಲಿ ಸಿದ್ಧವಾಗಿದೆ. 'ಡಬ್ಲ್ಯೂಆರ್_ಪ್ರಾಟ್' ಕಂಡರೆ ಕಾರ್ಟ್ರಿಡ್ಜ್‌ನ ಮೂಲೆಯ ಪುಟ್ಟ ಜಾರುಗುಂಡಿ ಬೀಗದ ಕಡೆಗಿದೆ.

ಮುಂದಿನದು ಬ್ಲಾಕ್ ಗಾತ್ರ, ಅಂದರೆ ಒಂದು ಸಲಕ್ಕೆ ಟೇಪ್‌ಗೆ ಬರೆಯುವ ತುಂಡಿನ ಗಾತ್ರ. 'ಸೆಟ್‌ಬ್ಲಾಕ್ 0' ಕೊಟ್ಟರೆ (ಎಂಟಿ ಆಜ್ಞೆಯಲ್ಲಿ 'ಸ್ಟೇಟಸ್' ಜಾಗದಲ್ಲಿ ಎಸ್ಇಟಿಬಿಎಲ್‌ಕೆ) ಗಾತ್ರವನ್ನು ಬರೆಯುವ ಪ್ರೋಗ್ರಾಮೇ ನಿರ್ಧರಿಸುತ್ತದೆ. ಟಾರ್ ತಾನಾಗಿ ಬರೆಯುವುದು 10,240 ಬೈಟ್‌ನ ತುಂಡುಗಳನ್ನು. ಎಲ್‌ಟಿಒಗೆ ಅದು ತೀರಾ ಚಿಕ್ಕದು. '-ಬಿ 512' ಕೊಟ್ಟರೆ 256 ಕೆಬಿ ಆಗುತ್ತದೆ. ಓದುವಾಗಲೂ ಅದೇ ಸಂಖ್ಯೆ ಬೇಕು. ಮರೆತರೆ 'ಕ್ಯಾನಾಟ್ ಅಲೊಕೇಟ್ ಮೆಮೊರಿ' ಎಂಬ ಎರರ್ ಬರುತ್ತದೆ. ಅದನ್ನು ನೋಡಿ ರ‍್ಯಾಮ್ ಹುಡುಕಲು ಹೋಗಬೇಡಿ: ಟೇಪ್‌ನಲ್ಲಿರುವ ಬ್ಲಾಕ್ ದೊಡ್ಡದು, ಓದಲು ಕೊಟ್ಟ ಪಾತ್ರೆ ಚಿಕ್ಕದು, ಅಷ್ಟೇ.

ವೇಗದ ವಿಷಯ ಇನ್ನೂ ಮುಖ್ಯ. ಡೇಟಾ ನಿಧಾನವಾಗಿ ಬಂದರೆ ಡ್ರೈವ್ ತನ್ನ ವೇಗ ತಗ್ಗಿಸುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಅದಕ್ಕೂ ಕೆಳಗಿಳಿದರೆ ನಿಂತು, ಹಿಂದೆ ಸುತ್ತಿ, ಮತ್ತೆ ಓಡಲು ತೊಡಗುತ್ತದೆ. ಡ್ರೈವ್ ಪಕ್ಕದಲ್ಲಿ ನಿಂತರೆ ಈ ಹಿಂದೆ-ಮುಂದೆ ಕಿವಿಗೇ ಕೇಳುತ್ತದೆ. ಟೇಪೂ ಹೆಡ್ಡೂ ಸವೆಯುತ್ತವೆ, 4 ಗಂಟೆ 20 ನಿಮಿಷದಲ್ಲಿ ತುಂಬಬೇಕಾದ ಟೇಪ್ ಇಡೀ ರಾತ್ರಿ ತಿನ್ನುತ್ತದೆ. ಲಕ್ಷಾಂತರ ಸಣ್ಣ ಫೈಲ್‌ಗಳಿರುವ ಮೇಲ್ ಸರ್ವರ್‌ನಲ್ಲಿ ಇದು ಸಾಮಾನ್ಯ. ಮದ್ದು ಎಂಬಫರ್, ಡೇಟಾವನ್ನು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಹರಿಸುವ ಪ್ರೋಗ್ರಾಮ್:

ಟಾರ್ -ಬಿ 512 -ಸಿಎಫ್ - /ಸರ್ವ್ | ಎಂಬಫರ್ -ಎಂ 4ಜಿ -ಪಿ 90 -ಎಸ್ 256ಕೆ -ಒ /ಡೆವ್/ಎನ್‌ಎಸ್‌ಟಿ0

ಇಲ್ಲಿ 4ಜಿಯ ಜಿ ಮತ್ತು '-ಪಿ' ದೊಡ್ಡಕ್ಷರ. 'ಪಿ 90' ಎಂದರೆ ಬಫರ್ ಶೇ 90 ತುಂಬಿದ ಮೇಲೇ ಬರೆಯಲು ಶುರು. 4 ಜಿಬಿ ಎಂದರೆ ಪೂರ್ಣ ವೇಗದಲ್ಲಿ ಸುಮಾರು 25 ಸೆಕೆಂಡಿನ ಬುತ್ತಿ. ಡಿಸ್ಕ್ ತೀರಾ ನಿಧಾನವಿದ್ದರೆ ಇದೂ ಸಾಲದು. ಮೊದಲು ಟಾರ್ ಅನ್ನು ಬೇರೊಂದು ಡಿಸ್ಕ್‌ಗೆ ಇಳಿಸಿ, ಅಲ್ಲಿಂದ ಟೇಪ್‌ಗೆ ಹರಿಸಿ.

ಹಳೆಯದರ ಹಿಂದೆ ಹೊಸದನ್ನು ಸೇರಿಸುವ ಮೊದಲು 'ಎಂಟಿ ಇಒಡಿ' ಕೊಟ್ಟು ಕೊನೆಗೆ ಹೋಗಿ. ಮೂರನೇ ಆರ್ಕೈವ್ (ಒಂದು ಟಾರ್ ಬರೆದ ಕಟ್ಟು) ಓದಬೇಕಾದರೆ 'ಎಂಟಿ ಎಎಸ್‌ಎಫ್ 2', ಎಣಿಕೆ ಸೊನ್ನೆಯಿಂದ. ಎರಡಕ್ಕೂ '-ಎಫ್' ಜೊತೆ ಎನ್‌ಎಸ್‌ಟಿ0 ಹೆಸರು ಬೇಕೇ ಬೇಕು.

ಬರೆದಾದ ಮೇಲೆ ಖಾಲಿ ಡೈರೆಕ್ಟರಿಯೊಂದಕ್ಕೆ ಬಿಚ್ಚಿ, ಮೂಲದೊಡನೆ ಚೆಕ್‌ಸಮ್ (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಪರಿಶೀಲನಾ ಸಂಖ್ಯೆ) ಹೋಲಿಸಿ. ಸಾಧ್ಯವಿದ್ದರೆ ಬೇರೆ ಡ್ರೈವ್‌ನಲ್ಲಿ. ಆಮೇಲೆ ಜಾರುಗುಂಡಿಯನ್ನು ಬೀಗದ ಕಡೆಗೆ ತಳ್ಳಿ, ಕಾರ್ಟ್ರಿಡ್ಜ್‌ನ ಚೀಟಿಯಲ್ಲಿ ದಿನಾಂಕ, ಆರ್ಕೈವ್‌ಗಳ ಸಂಖ್ಯೆ, ಜೊತೆಗೆ '-ಬಿ 512' ಎಂದೂ ಬರೆಯಿರಿ. ಐದು ವರ್ಷದ ನಂತರ ಆ ಟೇಪ್ ತೆರೆಯುವವರು ನೀವೇ ಆಗಿರಬೇಕೆಂದೇನಿಲ್ಲ.