ಹಳೇ ಕಾರು ಟಕ್ ಅಂದು ಸುಮ್ಮನಾಗುತ್ತಿತ್ತು, ತಪ್ಪು ಬ್ಯಾಟರಿಯದ್ದಲ್ಲ
ಕೀ ತಿರುಗಿಸಿದರೆ ಒಂದೇ ಒಂದು ಟಕ್, ಇಲ್ಲವೇ ಸ್ಟಾರ್ಟರ್ (ಇಂಜಿನ್ ತಿರುಗಿಸಿ ಶುರು ಮಾಡುವ ಮೋಟರ್) ನರಳುತ್ತಾ ಅರ್ಧ ಸುತ್ತು. ಹೆಡ್‌ಲೈಟ್ ಮಾತ್ರ ಮಂಕಾಗುತ್ತಿರಲಿಲ್ಲ. ಬ್ಯಾಟರಿ ಸರಿಯಿದೆ ಎಂಬ ಈ ಸುಳಿವನ್ನು ಆಗಲೇ ಹಿಡಿಯಬೇಕಿತ್ತು.

ಹೊಸ ಬ್ಯಾಟರಿ ಹಾಕಿದೆ, ಟರ್ಮಿನಲ್ ಉಜ್ಜಿದೆ, ರಿಲೇ ಬದಲಿಸಿದೆ, ಕೊನೆಗೆ ಸ್ಟಾರ್ಟರ್ ಬಿಚ್ಚಿ ಒಳಗಿನ ಕಾರ್ಬನ್ ಬ್ರಷ್ ಕೂಡ ಹೊಸದು ಹಾಕಿಸಿದೆ. ಎಲ್ಲಾ ಸುಮ್ನೆ.

ದಾರಿ ತೋರಿಸಿದ್ದು ವೋಲ್ಟ್ ಅಳೆಯುವ ಮಲ್ಟಿಮೀಟರ್. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ತುದಿ ಬ್ಯಾಟರಿಯ ಮೈನಸ್ ಗೂಟದ ಮೇಲೆ (ಕ್ಲಾಂಪ್ ಮೇಲಲ್ಲ, ಗೂಟದ ಮೇಲೇ), ಕೆಂಪು ತುದಿ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಇನ್ನೊಬ್ಬರು ಕೀ ತಿರುಗಿಸುವಾಗ ಮೀಟರ್ ತೋರಿಸುವುದು ಈ ಎರಡರ ನಡುವೆ ಕಳೆದುಹೋಗುವ ವೋಲ್ಟ್; 0.2, 0.3 ಬಂದರೆ ಸರಿ. ನನಗೆ ಬಂದದ್ದು 2.1! ಕೆಂಪು ತುದಿಯನ್ನು ಕಾರಿನ ಬಾಡಿಯ ಲೋಹಕ್ಕೆ ಇಟ್ಟರೆ ಬರೀ 0.1. ಅಂದರೆ ತೊಂದರೆ ಬಾಡಿಗೂ ಇಂಜಿನ್ನಿಗೂ ನಡುವಿನ ಅರ್ತ್ ಪಟ್ಟಿಯಲ್ಲೇ (ಕರೆಂಟ್ ಇಂಜಿನ್ನಿನಿಂದ ಬಾಡಿಗೆ ವಾಪಸ್ ಹೋಗುವ ದಪ್ಪ ತಂತಿ), ಅಲ್ವಾ?

ಮೊದಲು ಬ್ಯಾಟರಿಯ ಮೈನಸ್ ಕಳಚಿ. ಗೇರ್‌ಬಾಕ್ಸ್ ಹತ್ತಿರ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಕೆಳಗೆಲ್ಲಾ ತುಕ್ಕು, ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಪಟ್ಟಿಯ ಎರಡೂ ತುದಿ, ಅವು ಕೂರುವ ಜಾಗ ಎಲ್ಲವನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಸವರಿದೆ. ಮೈನಸ್ ಕೊನೆಗೆ ಹಾಕಿ. ಈಗ ಅಳತೆ 0.15, ಒಂದೇ ಸಲಕ್ಕೆ ಸ್ಟಾರ್ಟ್.