ಮದುವೆಗೆ ಮುಂಚೆ ಒಂದು ಸಣ್ಣ ‘ಆಗುವುದಿಲ್ಲ’

ಕಾಸರಗೋಡಿನಲ್ಲಿ ಮದುವೆಗೆ ಮುಂಚಿನ ಕೌನ್ಸೆಲಿಂಗ್ ಮಾಡುತ್ತೇನೆ. ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಕನ್ನಡ ಮನೆಯವರೇ ಜಾಸ್ತಿ ಬರುವುದು. "ಹುಡುಗ ಹೇಗೆ, ನೀವೊಮ್ಮೆ ಮಾತಾಡಿ ಹೇಳಿ" ಎನ್ನುತ್ತಾರೆ. ಒಂದೇ ಭೇಟಿಯಲ್ಲಿ ನಾನು ಹೇಳುವುದಿಲ್ಲ.

ಮನಶ್ಶಾಸ್ತ್ರಜ್ಞರಾದ ಡೆಲ್ರಾಯ್ ಪಾಲ್ಹಸ್ ಮತ್ತು ಕೆವಿನ್ ವಿಲಿಯಮ್ಸ್ 2002ರಲ್ಲಿ ಮೂರು ಗುಣಗಳನ್ನು ಒಟ್ಟಿಗೆ ಸೇರಿಸಿ ‘ಡಾರ್ಕ್ ಟ್ರಯಾಡ್’ ಎಂದು ಕರೆದರು. ತಾನೇ ಮೇಲು ಎನ್ನುವ ನಾರ್ಸಿಸಿಸಂ, ಜನರನ್ನು ಆಡಿಸುವ ಮೆಕಿಯವೆಲಿಯನಿಸಂ, ಇನ್ನೊಬ್ಬರ ನೋವು ತಟ್ಟದ ಸೈಕೋಪತಿ. ಸ್ವಲ್ಪ ಸ್ವಲ್ಪ ಎಲ್ಲರಲ್ಲೂ ಇರುತ್ತವೆ. ತೊಂದರೆ ಏನೆಂದರೆ, ತಮ್ಮನ್ನು ತಾವೇ ಮೆಚ್ಚಿಕೊಳ್ಳುವವರು ಮೊದಲ ನೋಟಕ್ಕೆ ಚೆನ್ನಾಗಿ ಹಿಡಿಸುತ್ತಾರೆ. ಪಾಲ್ಹಸ್ ಅವರ 1998ರ ಅಧ್ಯಯನದಲ್ಲಿ ಇಂಥವರು ಮೊದಲ ದಿನ ಗುಂಪಿನ ಮೆಚ್ಚುಗೆ ಗಳಿಸಿದ್ದರು. ಏಳನೇ ಭೇಟಿ ಹೊತ್ತಿಗೆ ಅದು ತಿರುಗಿಬಿದ್ದಿತ್ತು. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಇರುವುದೇ ಮೊದಲ ದಿನ, ಅಲ್ವಾ? ಇಸ್ತ್ರಿ ಅಂಗಿ, ನಯವಾದ ಮಾತು, ಸಜ್ಜಿಗೆ ಅವಲಕ್ಕಿ, ಮುಗೀತು.

ಹಾಗಾಗಿ ನಾನು ಒಂದು ಸಣ್ಣ ‘ಆಗುವುದಿಲ್ಲ’ ಹೇಳಿಸುತ್ತೇನೆ, ಅದಕ್ಕೆ ಎದುರಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಲು. ಒಬ್ಬ ಹುಡುಗಿಗೆ ಅವಳನ್ನು ನೋಡಿಹೋದ ಹುಡುಗ ಭಾನುವಾರ ಬೇಕಲ ಕೋಟೆಗೆ ಬಾ ಎಂದಿದ್ದ. ಅವತ್ತು ಅವಳ ದೊಡ್ಡಮ್ಮನ ಮನೆಯಲ್ಲಿ ಉಪನಯನ. "ಈ ವಾರ ಆಗುವುದಿಲ್ಲ, ಮುಂದಿನ ವಾರ ಬರ್ತೇನೆ ಅಂತಷ್ಟೇ ಹೇಳು, ಸಮಜಾಯಿಷಿ ಬೇಡ" ಎಂದೆ. "ಓಹೋ, ಈಗಲೇ ಹೀಗಾ" ಅಂತ ಉತ್ತರ ಬಂತು. ಆಮೇಲೆ ಎರಡು ದಿನ ಸುದ್ದಿಯೇ ಇಲ್ಲ. ಆದರೆ ಅದೇ ಸಂಜೆ ಅವಳ ಅಪ್ಪನಿಗೆ ಫೋನ್ ಮಾಡಿದ್ದ. ಅಡಿಕೆಗೆ ಮದ್ದು ಬಿಟ್ಟಾಯ್ತಾ, ಗಂಟುನೋವು ಹೇಗಿದೆ ಎಂದು ಅರ್ಧ ಗಂಟೆ ಮಾತು. "ಮಾವ" ಅಂತಲೇ ಕರೆದಿದ್ದನಂತೆ. ಅಪ್ಪ ಕರಗಿಹೋಗಿದ್ದರು.

"ಎಂತ ಅಕ್ಕ, ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೇನಾ?" ಎಂದು ಕೇಳಿದಳು.

ಸಿಟ್ಟು ಯಾರಿಗೂ ಬರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಗಳನ್ನು ಮೌನದಲ್ಲಿಟ್ಟು ಅಪ್ಪನನ್ನು ಒಲಿಸಿಕೊಂಡ ಲೆಕ್ಕಾಚಾರ ಕಂಡೇ ನಿಧಾನ ಮಾಡಿ ಎಂದದ್ದು. ಆತನಿಗೆ ಯಾವ ಹೆಸರೂ ಹಚ್ಚಲಿಲ್ಲ. ಒಂದು ಫೋನಿನಿಂದ ಹಾಗೆ ಹಚ್ಚಲು ಬರುವುದೂ ಇಲ್ಲ. ನಿಶ್ಚಿತಾರ್ಥ ಮುಂದೆ ಹಾಕಿಸಿದೆ. ಬ್ರೋಕರಿಗೆ ಕೋಪ: "ಜಾತಕ ಕೂಡಿದ ಮೇಲೆ ಇನ್ನೆಂತ ನೋಡುವುದು?"

ಹುಡುಗನ ಕಡೆಯವರಿಗೂ ಇದನ್ನೇ ಹೇಳುತ್ತೇನೆ. ಈ ಗುಣಗಳಲ್ಲಿ ಸರಾಸರಿ ಗಂಡಸರ ಅಂಕ ಜಾಸ್ತಿ, ನಿಜ. ಹಾಗಂತ ಹೆಂಗಸರಲ್ಲಿ ಇಲ್ಲವೆಂದಲ್ಲ. ಒಂದೇ ಶರತ್ತು, ‘ಆಗುವುದಿಲ್ಲ’ ಎನ್ನುವುದಕ್ಕೆ ನಿಜವಾದ ಕಾರಣ ಇರಬೇಕು. ಸುಳ್ಳು ಹೆಣೆದು ಪರೀಕ್ಷೆ ಮಾಡಲು ಹೊರಟರೆ ಆಡಿಸುವವರು ನಾವೇ ಆಗುತ್ತೇವೆ.