ದಿನಕ್ಕೆ ಎರಡು ಗಂಟೆ: ಡಯಲ್-ಅಪ್ ಕಾಲದ ನನ್ನ ಲೆಕ್ಕಾಚಾರ

1998ರ ಕೊನೆಯಲ್ಲಿ ಖಾಸಗಿಯವರಿಗೂ ಇಂಟರ್‌ನೆಟ್ ಲೈಸೆನ್ಸ್ ಕೊಡೋದು ಶುರುವಾಯಿತಲ್ಲ, ಆಮೇಲೆ ಊರೂರಲ್ಲಿ ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಶಿವಮೊಗ್ಗದ ಕಡೆ ಅಂಥದ್ದೊಂದರಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಆಗ ಇಂಟರ್‌ನೆಟ್‌ಗೆ ಬರಬೇಕಾದರೆ ಕಂಪ್ಯೂಟರ್ ಫೋನ್ ಲೈನಿನಲ್ಲಿ ನಮ್ಮ ನಂಬರಿಗೆ ಡಯಲ್ ಮಾಡಬೇಕಿತ್ತು, ಅದೇ ಡಯಲ್-ಅಪ್. ನಮ್ಮ ಹತ್ತಿರ ಇದ್ದದ್ದು ಒಂದೇ ಒಂದು ಇ-1 ಲೈನ್, 30 ಫೋನ್ ಕರೆಗಳನ್ನು ಒಟ್ಟಿಗೆ ಹೊರುವಂಥದ್ದು. ಅಂದರೆ ಒಟ್ಟಿಗೆ 30 ಜನ ಒಳಗೆ ಬರಬಹುದು. ಮುಂದಿನವರಿಗೆ ಎಂಗೇಜ್ ಟೋನ್.

ಹತ್ತು-ಹದಿನೈದು ಚಂದಾದಾರರಿಗೆ ಆ ಮೂವತ್ತರಲ್ಲಿ ಒಂದು ಲೈನ್ ಸಾಕು ಅನ್ನೋದು ಆಗಿನ ರೂಢಿ. ಗಂಟೆ ಲೆಕ್ಕದ ಪ್ಯಾಕ್ ಮಾರುವಾಗ ಅದು ನಡೆಯಿತು. ತಿಂಗಳಿಗೆ ಇಷ್ಟು ಅಂತ ಅನ್‌ಲಿಮಿಟೆಡ್ ಕೊಟ್ಟ ಮೇಲೆ ನಡೆಯಲಿಲ್ಲ. ಮನೆಯಿಂದ ಬಳಸುವವರಿಂದ ತೊಂದರೆ ಇರಲಿಲ್ಲ. ಅವರ ಫೋನ್ ಬಿಲ್ಲಿಗೆ ಮೂರು ನಿಮಿಷಕ್ಕೊಂದು ಲೋಕಲ್ ಕಾಲಿನ ದುಡ್ಡು ಬೀಳುತ್ತಿತ್ತು, ಅವರೇ ಬೇಗ ಮುಗಿಸುತ್ತಿದ್ದರು. ಲೈನ್ ಬಿಡದೆ ಕೂರುತ್ತಿದ್ದವರು ಫೋನ್ ಬಿಲ್ಲನ್ನು ಬೇರೆಯವರು ಕಟ್ಟುವ ಜಾಗದವರು: ಆಫೀಸು, ಹಾಸ್ಟೆಲ್ಲು. ಮನೆ ಅಕೌಂಟಿನಲ್ಲೇ ಸೈಬರ್ ಕೆಫೆ ನಡೆಸುವವರೂ ಇದ್ದರು. ಸಂಜೆ ಏಳರಿಂದ ಹತ್ತರವರೆಗೆ ಉಳಿದವರು ಡಯಲ್ ಮಾಡಿ ಮಾಡಿ ಸುಸ್ತಾಗುತ್ತಿದ್ದರು. ಅದಕ್ಕೇ ದಿನಕ್ಕೆ ಎರಡು ಗಂಟೆಯ ಮಿತಿ ತಂದೆವು.

ಮಿತಿ ಹಾಕೋದು ಸುಲಭ. ಬಳಕೆದಾರ ಡಯಲ್ ಮಾಡಿದಾಗ, ಕರೆ ಎತ್ತಿಕೊಳ್ಳುವ ಮೋಡೆಮ್ ರ‍್ಯಾಕ್ ರೇಡಿಯಸ್ ಸರ್ವರನ್ನು (ಯಾರನ್ನು ಬಿಡಬೇಕು, ಎಷ್ಟು ಹೊತ್ತು ಅಂತ ಲೆಕ್ಕ ಇಡುವ ಕಂಪ್ಯೂಟರ್) ಕೇಳುತ್ತದೆ, 'ಇವರನ್ನು ಬಿಡಲಾ?' ಅಂತ. ಸರ್ವರ್ ಅವರ ಇವತ್ತಿನ ಬಳಕೆಯನ್ನು ಕೂಡಿಸಿ, 7200 ಸೆಕೆಂಡಿನಲ್ಲಿ ಕಳೆದು, ಉಳಿದದ್ದನ್ನು ಸೆಷನ್ ಟೈಮ್‌ಔಟ್ ಅಂತ ವಾಪಸ್ ಕಳಿಸುತ್ತದೆ. ಆಮೇಲೆ ಗಡಿಯಾರ ನೋಡೋದು ರ‍್ಯಾಕಿನ ಕೆಲಸ. ಹೊತ್ತಾದರೆ ಅದೇ ಕತ್ತರಿಸುತ್ತದೆ. ಈ ಲೆಕ್ಕಕ್ಕೆ ಮೊದಲು ನಾನೇ ಪರ್ಲ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಇತ್ತು. ಆಮೇಲೆ ಫ್ರೀರೇಡಿಯಸ್ ಅನ್ನೋ ಉಚಿತ ಸಾಫ್ಟ್‌ವೇರಿಗೆ ಹೋದಾಗ ಅದರಲ್ಲೇ ಈ ಲೆಕ್ಕ ಇಡುವ ಕೌಂಟರ್ ಸಿಕ್ಕಿತು.

ತಲೆ ಕೆಡಿಸಿದ್ದು ಬೇರೆ ಪ್ರಶ್ನೆ: ದಿನ ಯಾವಾಗ ಶುರುವಾಗಬೇಕು? ಎಲ್ಲರೂ ರಾತ್ರಿ 12 ಅಂತಾರೆ. ಹಾಗಿಟ್ಟರೆ ಸಂಜೆಯೇ ಪಾಲು ಮುಗಿಸಿಕೊಂಡವರೆಲ್ಲ 12 ಹೊಡೆಯೋದನ್ನೇ ಕಾಯುತ್ತಾರೆ. 12 ದಾಟಿದ್ದೇ ತಡ, ಅಷ್ಟೂ ಮೋಡೆಮ್ ಒಟ್ಟಿಗೆ ಕಿರುಚುತ್ತವೆ. ನಾನು ದಿನವನ್ನು ಬೆಳಗಿನ ಜಾವ 5ಕ್ಕೆ ಸರಿಸಿದೆ. ಲೆಕ್ಕ ಕೂಡಿಸುವ ಮುಂಚೆ ದಾಖಲಾದ ಪ್ರತಿ ಸಮಯದಿಂದ ಐದು ಗಂಟೆ ಕಳೆದರಾಯಿತು, ಬೆಳಗಿನ 5 ಲೆಕ್ಕದಲ್ಲಿ ರಾತ್ರಿ 12 ಆಗುತ್ತದೆ, ಅಷ್ಟೇ. ನಾಲ್ಕೂವರೆಗೆ ಬಂದವರು ಐದು ದಾಟಿ ಕೂತರೆ, ದಾಟಿದ ಭಾಗ ಮಾತ್ರ ಹೊಸ ದಿನದ ಲೆಕ್ಕಕ್ಕೆ. ಗಡಿಯ ಹತ್ತಿರ ಬಂದವರಿಗೆ ಮರುದಿನದ ಪಾಲನ್ನೂ ಸೇರಿಸಿ ಕಳಿಸುತ್ತಿದ್ದೆ. ಇಲ್ಲದಿದ್ದರೆ ಸುಮ್ನೆ ಕಟ್ ಆಗಿ ಮತ್ತೆ ಡಯಲ್ ಮಾಡಬೇಕು, ಇನ್ನೊಂದು ಕಾಲ್ ದಂಡ.

ಇನ್ನೊಂದು ನಿಯಮದ ಬಗ್ಗೆ ಮಾಲೀಕರ ಜೊತೆ ವಾದವೇ ಆಯಿತು. ಮೂರು ನಿಮಿಷ ಉಳಿದವರಿಗೆ ಮೂರೇ ನಿಮಿಷ ಕೊಡಬೇಕು ಅಂತ ಅವರು. ಆಗಿನ ವೇಗದಲ್ಲಿ ಮೇಲ್ ಪುಟ ತೆರೆಯೋಕೇ ಅಷ್ಟು ಹೊತ್ತು ಬೇಕು, ಅಲ್ವಾ? ಹತ್ತು ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೂ ಹತ್ತು ಕೊಡುವುದು ಅಂತ ನಾನು ಹಟ ಹಿಡಿದೆ, ಹಾಗೇ ಮಾಡಿದೆ.

ಸಮಯ ಮುಗಿಯುತ್ತಿದೆ ಅಂತ ನಡುವೆ ಎಚ್ಚರಿಕೆ ಕೊಡುವ ದಾರಿ ಡಯಲ್-ಅಪ್‌ನಲ್ಲಿ ಇರಲಿಲ್ಲ. ಸರ್ವರ್ ಕಳಿಸುವ ಸಂದೇಶವನ್ನು ವಿಂಡೋಸ್ 98 ತೋರಿಸುತ್ತಲೂ ಇರಲಿಲ್ಲ. ಅದಕ್ಕೆ 'ಇವತ್ತು ನಿಮಗೆ ಉಳಿದದ್ದು ಇಷ್ಟು' ಅಂತ ಹೇಳುವ ಒಂದು ಪುಟ ಮಾಡಿ, ಅದನ್ನೇ ಹೋಂಪೇಜ್ ಮಾಡಿಕೊಳ್ಳಿ ಅಂದೆ.

ಜಗಳ ಜಾಸ್ತಿ ಬರುತ್ತಿದ್ದದ್ದು ಮಳೆಗಾಲದಲ್ಲಿ. ಒಬ್ಬ ವಕೀಲರು ಬಂದು, "ಏನ್ರೀ, ನನ್ನ ಎರಡು ಗಂಟೆ ಎಲ್ಲಿ ಹೋಯ್ತು? ಒಂದು ಮೇಲ್ ಕಳಿಸೋಕಾಗಿಲ್ಲ" ಅಂದರು. ಅವರ ದಿನದ ದಾಖಲೆ ಪ್ರಿಂಟ್ ತೆಗೆದು ಮುಂದಿಟ್ಟೆ. ಪ್ರತಿ ಸಲ ಸಂಪರ್ಕ ಯಾಕೆ ಮುರಿಯಿತು ಅಂತ ಕೊನೆಯ ಕಾಲಮ್ಮಿನಲ್ಲಿ ಇರುತ್ತದೆ. ಅವರದ್ದರಲ್ಲಿ ಮೇಲಿಂದ ಕೆಳಗಿನವರೆಗೂ 'ಲಾಸ್ಟ್ ಕ್ಯಾರಿಯರ್'. ಅಂದರೆ ಬಳಕೆದಾರ ಬಿಟ್ಟದ್ದಲ್ಲ, ನಾವು ಕತ್ತರಿಸಿದ್ದೂ ಅಲ್ಲ, ಫೋನ್ ಲೈನೇ ಕೈಕೊಟ್ಟದ್ದು. ಮಲೆನಾಡಿನ ಜುಲೈನಲ್ಲಿ ಕೇಬಲ್ ಜಾಯಿಂಟಿಗೆ ನೀರು ಇಳಿದರೆ ಮುಗಿಯಿತು. ಆಮೇಲೆ ಆ ಕಾಲಮ್ ನೋಡಿ, ಹೀಗೆ ಪದೇ ಪದೇ ಬಿದ್ದವರಿಗೆ ಅವತ್ತು ಅರ್ಧ ಗಂಟೆ ತಾನಾಗಿ ಸೇರುವಂತೆ ಮಾಡಿದೆ. ಯಾರೂ ಬಂದು ಕೇಳಬೇಕಾಗಲಿಲ್ಲ.

ಸುಮ್ಮನೆ ಲೈನ್ ಹಿಡಿದು ಕೂತವರಿಗೆ ಐಡಲ್ ಟೈಮ್‌ಔಟ್ ಇತ್ತು. ಹದಿನೈದು ನಿಮಿಷ ಏನೂ ಓಡಾಡದಿದ್ದರೆ ಕಟ್. ಜನ ಇದಕ್ಕೂ ಉಪಾಯ ಕಂಡುಕೊಂಡರು: ಔಟ್‌ಲುಕ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೇಲ್ ನೋಡು ಅಂತ ಇಟ್ಟು ಮಲಗೋದು. ಆದರೆ ಈ ಐಡಲ್ ನಿಯಮಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಆಗಸ್ಟ್ 2003ರಲ್ಲಿ, ಬ್ಲಾಸ್ಟರ್ ಅನ್ನೋ ಕಂಪ್ಯೂಟರ್ ಹುಳು (ನೆಟ್‌ವರ್ಕಿನಲ್ಲಿ ತಾನಾಗಿ ಹರಡುವ ವೈರಸ್‌ನಂಥದ್ದು) ಹರಡಿದಾಗ. ಸೋಂಕು ತಗುಲಿದ ಮೆಷಿನ್‌ಗಳು ಎಲ್ಲರ ಬಾಗಿಲನ್ನೂ ಬಡಿಯುತ್ತಲೇ ಇದ್ದವು. ರ‍್ಯಾಕಿಗೆ ಅದೂ ಬಳಕೆಯೇ. ಯಾರೂ ಐಡಲ್ ಆಗುವುದೇ ನಿಂತುಹೋಯಿತು. ಅದು ಬಡಿಯುತ್ತಿದ್ದ ಬಾಗಿಲನ್ನು, ಅಂದರೆ 135ನೇ ಪೋರ್ಟನ್ನು ಬಂದ್ ಮಾಡಿದ ಮೇಲೆ ತಹಬಂದಿಗೆ ಬಂತು.

ಕರೆಂಟ್ ಹೋಗಿ ರ‍್ಯಾಕ್ ಆಫ್ ಆದರೆ 'ಮುಗಿಯಿತು' ಅನ್ನುವ ಸಂದೇಶ ಸರ್ವರಿಗೆ ಬರೋದಿಲ್ಲ. ಬಳಕೆದಾರ ಇನ್ನೂ ಒಳಗೇ ಇದ್ದಾನೆ ಅಂತ ಪುಸ್ತಕದಲ್ಲಿ ಉಳಿಯುತ್ತದೆ, ಮತ್ತೆ ಬಂದರೆ ಬಾಗಿಲು ತೆರೆಯೋದಿಲ್ಲ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಮಧ್ಯಂತರ ಲೆಕ್ಕ, ಅಂದರೆ ಅಲ್ಲಿಯವರೆಗಿನ ಬಳಕೆ, ಕಳಿಸಲು ರ‍್ಯಾಕಿಗೆ ಹೇಳಿದ್ದೆ. ಅದು ಮತ್ತೆ ಎದ್ದಾಗ ಹಳೆಯ ಸೆಷನ್‌ಗಳನ್ನೆಲ್ಲ ಕೊನೆಯ ಲೆಕ್ಕಕ್ಕೇ ಮುಚ್ಚುತ್ತಿದ್ದೆ.

ಪಿಯುಸಿ ರಿಸಲ್ಟ್ ದಿನ ಮಾತ್ರ ಈ ಯಾವ ನಿಯಮವೂ ಕೆಲಸಕ್ಕೆ ಬರುತ್ತಿರಲಿಲ್ಲ. ಅವತ್ತು ದಿನದ ಮಿತಿ ತೆಗೆದುಹಾಕಿ, ಒಂದು ಸಲಕ್ಕೆ ಹತ್ತೇ ನಿಮಿಷ ಅಂತ ಇಡುತ್ತಿದ್ದೆ. ಎಷ್ಟು ಸಲ ಬೇಕಾದರೂ ಡಯಲ್ ಮಾಡಿ, ನಂಬರ್ ನೋಡಿ, ಬಿಡಿ. ಮರುದಿನ ಬೆಳಗ್ಗೆ 5ಕ್ಕೆ ಹಳೆಯ ಮಿತಿ ತಾನಾಗಿ ವಾಪಸ್.